ಬಿಸ್ಮಿಲ್ಲಾ ಬೀ ಹೊಲಿದ ನೂಲಿನ ಬೊಂತೆ

ಆ ಕಾಲಕ್ಕೆ ಚಿಂತಾಮಣಿಯ ಮಸೀದಿ ಹಿಂದಿನ ಬೀದಿಯಲ್ಲಿ ನಿಂತು ಬಿಸ್ಮಿಲ್ಲಾ ಬೀಯ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಬೆರಳು ಮಾಡಿ ತೋರಿಸುತ್ತಿರಲಿಲ್ಲ. "ಸುಮ್ನೆ ನಿಂತು ಕಿವಿಗೊಡಿ, ಗೊತ್ತಾಗ್ತದೆ" ಅನ್ನುತ್ತಿದ್ದರು. ಗೊತ್ತಾಗುತ್ತಲೂ ಇತ್ತು. ಬೀದಿಯ ಕೊನೆಯ ಹೆಂಚಿನ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು, ಹರಡಿದ ಬೊಂತೆಗೆ ಸೂಜಿ ಹಾಕುತ್ತ, ಆಕೆ ಯಾರ ಜೊತೆಗಾದರೂ ಮಾತಾಡುತ್ತಿರುತ್ತಿದ್ದಳು. ಯಾರೂ ಸಿಗದಿದ್ದರೆ ಕೈಯಲ್ಲಿರುವ ಬಟ್ಟೆಯ ಜೊತೆಗೆ. ಬಟ್ಟೆಯ ಜೊತೆ ಆಡುವುದೆಲ್ಲ ಬೈಗುಳವೇ.

ಬೈಯುವುದಕ್ಕೆ ಕಾರಣವಿತ್ತು. ಬೊಂತೆಯೆಂದರೆ ಏನು? ಉಟ್ಟು ಸವೆದ ಸೀರೆ, ಪಂಚೆ, ಲಂಗಗಳನ್ನು ಒಂದರ ಮೇಲೊಂದು ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಹೊಲಿದುಕೊಂಡು ಬರುವುದು. ಅದಕ್ಕೆ ನೂಲಿನ ಬಟ್ಟೆಯೇ ಆಗಬೇಕು. ಹೊಸದಾದರೆ ಸೂಜಿಗೆ ಬಗ್ಗುವುದಿಲ್ಲ, ಮೈಗೆ ಒಗ್ಗುವುದಿಲ್ಲ. ಒಬ್ಬ ಹೆಂಗಸಿನ ಮೈಮೇಲಿದ್ದು ಹತ್ತಾರು ವರ್ಷ ಒಗೆದು ಒಣಗಿ ಮೆತ್ತಗಾದ ಸೀರೆ ಸಿಕ್ಕಿದರೆ ಬಿಸ್ಮಿಲ್ಲಾ ಬೀ ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದಳು.

ಹಾಗೆ ಕೆನ್ನೆಗೆ ಒತ್ತಿಕೊಳ್ಳುವ ಭಾಗ್ಯ ತಪ್ಪಿಹೋಗಿ ಎಷ್ಟೋ ಕಾಲವಾಗಿತ್ತು. ಎಂಬತ್ತರ ದಶಕ ಬಂತು ನೋಡಿ, ಊರಿಗೆ ಊರೇ ನೈಲಾನ್ ಉಡಲು ಶುರುಮಾಡಿತು. ಒಗೆದರೆ ಕೂಡಲೇ ಒಣಗುತ್ತದೆ, ಇಸ್ತ್ರಿ ಬೇಡ, ಹರಿಯುವುದಂತೂ ಇಲ್ಲವೇ ಇಲ್ಲ. ಉಟ್ಟವರಿಗೆ ಸುಖ. ಹೊಲಿಯುವವಳ ಪಾಡು ಯಾರಿಗೆ ಬೇಕು? ನೈಲಾನಿನ ಪದರ ಒಂದರ ಮೇಲೊಂದು ಹಾವಿನ ಹಾಗೆ ಜಾರುತ್ತದೆ. ರಾತ್ರಿ ಹೊದ್ದುಕೊಂಡರೆ ಬೆಳಿಗ್ಗೆಗೆ ಒಳಗಿನ ಬಟ್ಟೆಯೆಲ್ಲ ಕಾಲಿನ ಕಡೆ ಗಂಟು ಕಟ್ಟಿರುತ್ತದೆ. ಹೊದ್ದರೆ ಬೆವರು, ತೆಗೆದರೆ ಚಳಿ. ಗಿರಾಕಿಗಳು ಬೊಂತೆ ವಾಪಸ್ಸು ತಂದು, "ಏನ್ ಬೀಬಮ್ಮ, ನಿಮ್ಮ ಕೈ ಕೆಟ್ಟೋಯ್ತಾ?" ಎಂದು ಕೇಳುತ್ತಿದ್ದರು. ಬಟ್ಟೆ ಕೆಟ್ಟಿದೆ ಎಂದರೆ ನಂಬುವವರಿಲ್ಲ.

ಹೀಗಾಗಿ ವಾರದ ಸಂತೆಗೆ ಹೋಗುವಾಗ ಆಕೆ ಸೆರಗಿನ ತುದಿಯಲ್ಲಿ ಬೆಂಕಿಪೊಟ್ಟಣ ಕಟ್ಟಿಕೊಂಡು ಹೋಗುತ್ತಿದ್ದಳು. ಬೀದಿ ಬೀದಿ ಸುತ್ತಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ತಂದು ಹಾಕಿದ ಬಟ್ಟೆಯೆಲ್ಲ ಸಂತೆಯಲ್ಲಿ ಗಂಗುಲಪ್ಪನ ಮುಂದೆ ಗುಡ್ಡೆಯಾಗಿ ಬೀಳುತ್ತಿತ್ತು. ಬಿಸ್ಮಿಲ್ಲಾ ಬೀ ಆ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದು ಬಟ್ಟೆಯಿಂದ ಒಂದೊಂದು ಎಳೆ ಕಿತ್ತು, ಕಡ್ಡಿ ಗೀರಿ ಸುಡುತ್ತಿದ್ದಳು. ನೂಲಾದರೆ ದೀಪದ ಬತ್ತಿಯಂತೆ ಉರಿದು ಬೂದಿಯಾಗುತ್ತದೆ. ನೈಲಾನಾದರೆ ಮುದುಡಿಕೊಂಡು ಕರೀ ಮಣಿಯಾಗಿ ಬೆರಳಿಗೆ ಅಂಟುತ್ತದೆ.

"ಏಮಮ್ಮಾ ಬೀಬಮ್ಮಾ, ಬಂದ್ಯಾ? ಇವತ್ತು ಯಾವ ಸೀರೆಗೆ ಬೆಂಕಿ ಇಡ್ತೀಯಾ?" ಅನ್ನುತ್ತಿದ್ದ ಗಂಗುಲಪ್ಪ.

"ಇಟ್ರೆ ನಿನ್ ಗುಡ್ಡೇಗೇ ಇಡ್ಬೇಕು. ಒಂದಾದ್ರೂ ನೂಲಿಂದು ಇದೆಯೇನಪ್ಪಾ ಇದ್ರಲ್ಲಿ?"

"ನೂಲು ಉಡೋರು ಈಗ ಎಲ್ಲಮ್ಮಾ ಇದಾರೆ? ಇರೋ ನಾಕು ಮುದುಕೀರು ಬಿಚ್ಚಿ ಕೊಡಲ್ಲ. ತಗೋ, ಈ ಷರಟು ನೋಡು, ನೂಲಿಂದೇ, ನನ್ನಾಣೆ."

ಆಕೆ ಎಳೆ ಕಿತ್ತು ಕಡ್ಡಿ ಗೀರಿದಳು. ಎಳೆ ಬತ್ತಿಯ ಹಾಗೆಯೇ ಉರಿಯಿತು. ಇನ್ನೇನು ನಗಬೇಕು ಅನ್ನುವಷ್ಟರಲ್ಲಿ ತುದಿಯಲ್ಲಿ ಸಣ್ಣದೊಂದು ಕರೀ ಮಣಿ ಕಾಣಿಸಿತು. ನೂಲಿಗೆ ಪಾಲಿಯೆಸ್ಟರ್ ಬೆರೆಸಿದ ಟೆರಿಕಾಟು!

"ನೋಡು ಹಾಳಾದ್ದನ್ನ! ಅರ್ಧ ಮನುಷ್ಯ, ಅರ್ಧ ಸೈತಾನ!"

ಸುತ್ತ ನಿಂತವರು ನಕ್ಕರು. "ಎದ್ದೋಗಮ್ಮಾ ತಾಯೀ" ಎಂದು ಗಂಗುಲಪ್ಪ ಕೈ ಮುಗಿದ. "ಸುಟ್ಟ ವಾಸ್ನೆಗೆ ಗಿರಾಕಿಗಳು ಓಡೋಗ್ತಾವ್ರೆ."

ಆಕೆ ಅಲ್ಲಿಂದ ಬರಿಗೈಯಲ್ಲಿ ಎದ್ದು ಬಂದಳು.

ಅನಸೂಯಮ್ಮ ಅವಳನ್ನು ತನ್ನ ಮನೆಗೆ ಕರೆಸಿದ್ದು ಅಂಥ ದಿನಗಳಲ್ಲೇ, ಒಂದು ಮಾಗಿಯ ಚಳಿಯಲ್ಲಿ. ಗಂಡ ಚನ್ನಕೇಶವ ತರಕಾರಿ ಮಂಡಿಯವನು. ಊರಿನಲ್ಲಿ ಹೆಸರಿದ್ದ ಮನೆ. ಮಗಳು ವರಲಕ್ಷ್ಮಿ ಗೌರಿಬಿದನೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವರ ಪದ್ಧತಿಯಲ್ಲಿ, ಹೆಸರಿಡುವವರೆಗೆ ಕೂಸಿನ ಮೈಗೆ ಹೊಸ ಬಟ್ಟೆ ಸೋಕಿಸುವುದಿಲ್ಲ. ಹಿರಿಯರು ಉಟ್ಟ ಹಳೆಯ ನೂಲಿನಲ್ಲೇ ಸುತ್ತಬೇಕು, ಹಳೆಯ ನೂಲಿನ ಮೇಲೆಯೇ ಮಲಗಿಸಬೇಕು.

"ಇವಳು ಮಗುವಾಗಿದ್ದಾಗ ಮಲಗಿದ್ದು ನೀವು ಹೊಲಿದ ಬೊಂತೇಲೇ ಅಲ್ವಾ? ಇವಳ ಮಗೂಗೂ ನೀವೇ ಹೊಲಿದುಕೊಡ್ಬೇಕು" ಎಂದಳು ಅನಸೂಯಮ್ಮ. "ಪೂರ್ತಿ ನೂಲಿಂದು. ಒಂದೆಳೆ ನೈಲಾನ್ ಇರಬಾರದು."

"ಹಂಗಾದ್ರೆ ನಿಮ್ಮ ಹಳೇ ಸೀರೆ ಕೊಡಿ, ಅಮ್ಮಾ."

ಅನಸೂಯಮ್ಮ ಪೆಟ್ಟಿಗೆ ತೆಗೆದು ತಡಕಿದಳು. ರೇಷ್ಮೆ ಇತ್ತು, ನೈಲಾನ್ ಇತ್ತು, ಜಾರ್ಜೆಟ್ ಇತ್ತು. ಆಮೇಲೆ ನಾಲಗೆ ಕಚ್ಚಿಕೊಂಡಳು. "ಅಯ್ಯೋ, ನೂಲಿನ ಸೀರೇನೆಲ್ಲಾ ಹೋದ್ ವರ್ಷ ಪಾತ್ರೆಯವನಿಗೆ ಹಾಕ್ಬಿಟ್ಟೆ ಕಣ್ರೀ. ಒಂದು ಇಡ್ಲಿಪಾತ್ರೆ ಬಂತು."

"ಹಂಗಾದ್ರೆ ಆ ಇಡ್ಲಿಪಾತ್ರೇನೇ ಹೊದ್ದಿಸಿ ಮಗೂಗೆ!"

ವರಲಕ್ಷ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬೀಬಮ್ಮಾ, ನಗಿಸ್ಬೇಡಿ, ಇಲ್ಲೇ ಹೆತ್ತುಬಿಡ್ತೀನಿ."

ನಗಿಸಿದಳೇನೋ ನಿಜ, ಮನೆಗೆ ಬರುವಾಗ ಬಿಸ್ಮಿಲ್ಲಾ ಬೀಗೆ ನಗು ಬರಲಿಲ್ಲ. ಅವಳ ಎರಡು ಕಣ್ಣಿಗೂ ಪೊರೆ ಇಳಿಯುತ್ತಿತ್ತು. ಸೂಜಿಗೆ ದಾರ ಪೋಣಿಸಲು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಯಬೇಕಾಗಿತ್ತು. ಇನ್ನೊಂದು ಚಳಿಗಾಲಕ್ಕೆ ಈ ಕೈ ಇರುತ್ತದೆ, ಕಣ್ಣು ಇರುತ್ತದೋ ಇಲ್ಲವೋ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮುಗಿಸಿ ಬಂದ ಗಂಡ ಮೆಹಬೂಬ್ ಪಾಷಾನ ಮುಂದೆ ಚಹಾದ ಲೋಟ ಇಟ್ಟು ಹೇಳಿದಳು:

"ಇಷ್ಟು ವರ್ಷ ಈ ಜಾರೋ ಬಟ್ಟೆ ಹೊಲಿದು ಹೊಲಿದು ಹೆಸರು ಕೆಡಿಸ್ಕೊಂಡೆ. ಕಣ್ಣು ಮುಚ್ಚೋದ್ರೊಳಗೆ ಒಂದೇ ಒಂದು ಸರಿಯಾದ ಬೊಂತೆ ಹೊಲೀಬೇಕು. ಒಂದು ಮಗು ಅದರ ಮೇಲೆ ಮಲಗಿದ್ದನ್ನ ನೋಡ್ಬೇಕು. ಅಷ್ಟೇ."

"ಹೊಲಿ. ಬೇಡ ಅಂದೋರು ಯಾರು?" ಎಂದು ಅವನು ಚಹಾ ಹೀರಿದ.

"ಯಾರೂ ಬೇಡ ಅನ್ನಲ್ಲ. ಬಟ್ಟೆ ಯಾರೂ ಕೊಡಲ್ಲ, ಅಷ್ಟೇ!"

ಆಮೇಲೆ ಶುರುವಾಯಿತು ಅಲೆದಾಟ. ಮುರುಗಮಲ್ಲದ ಬಸ್ಸು ಹತ್ತಿ ಹೋಗಿ ಅಲ್ಲಿ ನಾದಿನಿಯ ಮನೆಯ ಅಟ್ಟವನ್ನೆಲ್ಲ ಕೆಳಗಿಳಿಸಿದಳು. ಸಿಕ್ಕಿದ್ದು ಇಲಿ ತಿಂದ ಒಂದು ಪಂಚೆ. ಬೀದಿಯ ಮುದುಕಿಯರನ್ನು ಕೇಳಿದರೆ, "ನಾನಿನ್ನೂ ಬದುಕಿದೀನಿ, ಆಗ್ಲೇ ನನ್ ಸೀರೆಗೆ ಕತ್ರಿ ತಂದ್ಯಾ?" ಎಂದು ಬೈಸಿಕೊಂಡಳು. ಗಂಡನಿಗೆ ಹೇಳಿದ್ದಕ್ಕೆ ಅವನು ಶಿಡ್ಲಘಟ್ಟದಿಂದ ಒಂದು ಗಂಟು ಹೊತ್ತು ತಂದ. ಬಿಚ್ಚಿದರೆ ಬೇಯಿಸಿದ ರೇಷ್ಮೆಹುಳದ ವಾಸನೆ ಮನೆ ತುಂಬಿತು. ಕಡ್ಡಿ ಗೀರಿ ನೋಡಿದರೆ ಎಲ್ಲ ಟೆರಿಕಾಟು.

"ಇದನ್ನ ಹೊತ್ಕೊಂಡ್ ಬರೋಕೆ ಅಷ್ಟು ದೂರ ಹೋಗ್ಬೇಕಿತ್ತಾ?"

"ನನಗೇನ್ ಗೊತ್ತಾಗ್ತದೆ? ಬಟ್ಟೆ ಅಂದೆ, ಬಟ್ಟೆ ತಂದೆ."

ಅಷ್ಟರಲ್ಲಿ ವರಲಕ್ಷ್ಮಿಗೆ ಹೆಣ್ಣುಮಗುವಾಯಿತು. ಬೊಂತೆ ಎಲ್ಲಿ ಎಂದು ಅನಸೂಯಮ್ಮ ದಿನ ಬಿಟ್ಟು ದಿನ ಆಳನ್ನು ಕಳಿಸತೊಡಗಿದಳು. ಬಿಸ್ಮಿಲ್ಲಾ ಬೀ ಇನ್ನು ಕೈಲಾಗದೆಂದು ಹೇಳಿಬಿಡೋಣ ಎಂದು ಚಪ್ಪಲಿ ಮೆಟ್ಟಿ ಹೊರಟಿದ್ದಳು. ಆಗ ಎದುರುಮನೆಯ ಹಮೀದಾ ಬೇಗಂ ಬಾಗಿಲಲ್ಲಿ ನಿಂತು ಕರೆದಳು.

ಹಮೀದಾ ಬೇಗಮಳ ಅತ್ತೆ ಗೌಹರ್ ಬೀ ತೀರಿಕೊಂಡು ನಲವತ್ತನೆಯ ದಿನದ ಫಾತೆಹಾ ಮುಗಿದಿತ್ತು. ತೊಂಬತ್ತು ದಾಟಿದ ಜೀವ. ಮರಿಮೊಮ್ಮಕ್ಕಳನ್ನು ತೊಡೆಯ ಮೇಲೆ ಆಡಿಸಿ, ಒಬ್ಬರ ಕೈಯಲ್ಲಿ ನೀರು ಕೇಳದೆ ಹೋದವಳು. ನೈಲಾನನ್ನು ಮೈಗೆ ಸೋಕಿಸಿದವಳೇ ಅಲ್ಲ.

"ಅತ್ತೆಯ ಪೆಟ್ಟಿಗೆ ತೆಗೆದಾಗಲೆಲ್ಲ ಅಳು ಬರುತ್ತೆ. ಯಾರಿಗಾದರೂ ಉಪಯೋಗವಾಗಲಿ, ತಗೊಂಡು ಹೋಗು ಆಪಾ" ಎಂದಳು ಹಮೀದಾ.

ಪೆಟ್ಟಿಗೆಯಲ್ಲಿ ಇದ್ದದ್ದೆಲ್ಲ ನೂಲು. ತಿಳಿನೀಲಿ, ಮಾಸಿದ ಹಸಿರು, ಬಿಳಿಯ ಮೇಲೆ ಸಾಸಿವೆಯಷ್ಟು ಸಣ್ಣ ಚುಕ್ಕಿ. ಒಗೆದೊಗೆದು ಈರುಳ್ಳಿ ಪೊರೆಯಷ್ಟು ತೆಳ್ಳಗಾದ ಸೀರೆಗಳು. ಅಭ್ಯಾಸಬಲದಿಂದ ಒಂದೆಳೆ ಕಿತ್ತು ಕಡ್ಡಿ ಗೀರಿದಳು. ಉರಿಯಿತು, ಬೂದಿಯಾಯಿತು, ಬೆರಳಲ್ಲಿ ಏನೂ ಉಳಿಯಲಿಲ್ಲ. ಬಿಸ್ಮಿಲ್ಲಾ ಬೀ ಸೀರೆಯನ್ನು ಕೆನ್ನೆಗೆ ಒತ್ತಿಕೊಂಡಳು.

ಆಮೇಲೆ ಹಗಲೆಲ್ಲ ಜಗಲಿಯ ಮೇಲೆ ಹೊಲಿಗೆ. ಪದರಗಳು ಒಂದನ್ನೊಂದು ಹಿಡಿದುಕೊಂಡು ಕೂತವು. ಎಲ್ಲೂ ಜಾರಲಿಲ್ಲ. ಕಣ್ಣಿಗೆ ಕಾಣದ ಕಡೆ ಬೆರಳು ಸವರಿ ಸವರಿ ಹೊಲಿದಳು. ಅಕ್ಕಿಕಾಳಿನಂಥ ಸಣ್ಣ ಹೊಲಿಗೆ; ಮೇಲೆ ನೀಲಿ ಹಸಿರು ತುಂಡುಗಳನ್ನು ಮೂಲೆಮೂಲೆಗೆ ಸೇರಿಸಿ ನಡುವೆ ಚುಕ್ಕಿಯ ಬಿಳಿ. ಬಟ್ಟೆಗೆ ಒಂದು ಬೈಗುಳವೂ ಬೀಳಲಿಲ್ಲ. ಬೀದಿಯವರು, "ಬೀಬಮ್ಮನಿಗೆ ಹುಷಾರಿಲ್ವಾ?" ಎಂದು ಮೆಹಬೂಬ್ ಪಾಷಾನನ್ನು ಕೇಳಿದರು.

ಬೊಂತೆಯನ್ನು ಬಾಣಂತಿಕೋಣೆಯಲ್ಲಿ ಬಿಡಿಸಿದಾಗ ವರಲಕ್ಷ್ಮಿ ಅಂಗೈ ಇಟ್ಟು ನೋಡಿ, "ಅಮ್ಮಾ, ಇಲ್ಲಿ ಮುಟ್ಟಿ ನೋಡು, ಬೆಣ್ಣೆ!" ಎಂದಳು. ಮಗುವನ್ನು ಮಲಗಿಸಿದರು. ಅದು ಎರಡು ಸಲ ಬಾಯಿ ಚಪ್ಪರಿಸಿ ನಿದ್ದೆಹೋಯಿತು. ಅನಸೂಯಮ್ಮ ಕಾಫಿ ತಂದುಕೊಟ್ಟಳು.

ಅಲ್ಲಿಗೆ ಎದ್ದು ಬಂದಿದ್ದರೆ ಈ ಕತೆ ಮುಗಿದೇ ಹೋಗುತ್ತಿತ್ತು. ಆದರೆ ಅಷ್ಟು ದಿನ ಸುಮ್ಮನಿದ್ದ ಬಾಯಿ, ಬಿಸಿ ಕಾಫಿ ಬಿದ್ದ ಕೂಡಲೇ ಬಿಚ್ಚಿಕೊಂಡಿತು.

"ಯಾರ ಸೀರೆ ಗೊತ್ತೇನಮ್ಮಾ ಇದು? ಸಾಮಾನ್ಯರದಲ್ಲ. ನಮ್ಮ ಗೌಹರ್ ಬೀ! ತೊಂಬತ್ತರ ಮೇಲೆ ಬಾಳಿದ ಮುದುಕಿ. ಒಂದು ದಿನ ಹಾಸಿಗೆ ಹಿಡೀಲಿಲ್ಲ. ನಮಾಜ್ ಮುಗಿಸಿ ಒರಗಿದ್ರು, ಹಂಗೇ ಹೊರಟುಹೋದ್ರು. ಅಂಥವರ ಆಯಸ್ಸು ನಿಮ್ಮ ಕೂಸಿಗೂ ಬರಲಿ!"

ಬಿಸ್ಮಿಲ್ಲಾ ಬೀಯ ಬೀದಿಯಲ್ಲಿ ಅದು ಹರಕೆಯ ಮಾತು. ತುಂಬುಬಾಳು ಬಾಳಿ ಹೋದವರ ಬಟ್ಟೆಯ ತುಂಡು ಮಗುವಿನ ಮೈಮೇಲಿದ್ದರೆ ಒಳ್ಳೆಯದೆಂದು ಅವಳ ತಾಯಿ ಹೇಳುತ್ತಿದ್ದಳು, ತಾಯಿಯ ತಾಯಿಯೂ. ಮನಸ್ಸಿನ ತುಂಬ ಅದನ್ನೇ ಇಟ್ಟುಕೊಂಡು ಹೊಲಿದಿದ್ದಳು. ಆದರೆ ಅನಸೂಯಮ್ಮನ ಮುಖ ನೋಡಿದರೆ ಸುಣ್ಣದ ಗೋಡೆ.

"ಸತ್ತೋರ ಸೀರೇನಾ?"

"ಹೂಂ ಅಮ್ಮಾ, ಪುಣ್ಯವಂತರದು..."

"ಬಾಣಂತಿ ಮನೇಲಿ ಸತ್ತೋರ ಬಟ್ಟೆ ತಂದು ಹಾಸಿದ್ರಾ?" ಅನಸೂಯಮ್ಮ ಮಗುವನ್ನು ಎತ್ತಿಕೊಂಡೇಬಿಟ್ಟಳು. ಕೂಸು ಕಿಟಾರನೆ ಕಿರುಚಿತು. "ನಮ್ಮಲ್ಲಿ ಅದನ್ನ ಹೊಸ್ತಿಲು ದಾಟಿಸಲ್ಲ ಬೀಬಮ್ಮಾ! ಇಷ್ಟು ವರ್ಷದಿಂದ ಬರ್ತೀರಾ, ಅಷ್ಟೂ ಗೊತ್ತಿಲ್ವಾ?"

ಬಿಸ್ಮಿಲ್ಲಾ ಬೀಗೆ ಮೊದಲು ನಾಚಿಕೆಯಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. "ಸಂತೆ ಗುಡ್ಡೇಲಿ ಬಟ್ಟೆ ತಂದು ಊರಿಗೆಲ್ಲಾ ಹೊಲಿದಿದೀನಿ. ಆ ಗುಡ್ಡೇಲಿ ಯಾರದು ಸತ್ತೋರ್ದು, ಯಾರದು ಇದ್ದೋರ್ದು ಅಂತ ಯಾರಮ್ಮಾ ನೋಡಿದಾರೆ? ನಿಮ್ಮ ಮಗಳು ಮಲಗಿದ್ದ ಬೊಂತೆ ಯಾರ್ದು ಅಂತ ನನಗೇ ಗೊತ್ತಿಲ್ಲ!"

"ಗೊತ್ತಿಲ್ದೆ ಇದ್ದಿದ್ದು ಸರಿ. ಗೊತ್ತಾದ್ಮೇಲೆ ಹೆಂಗ್ರೀ ಮಲಗಿಸೋದು?"

"ಅಮ್ಮಾ, ಇರಲಿ ಬಿಡಮ್ಮ, ಮೆತ್ತಗಿದೆ" ಎಂದು ವರಲಕ್ಷ್ಮಿ ಹಾಸಿಗೆಯಿಂದಲೇ ಅಳುವ ದನಿ ಮಾಡಿದಳು. "ನೀನು ಸುಮ್ನಿರೇ, ನಿಮ್ಮತ್ತೆಗೆ ಗೊತ್ತಾದ್ರೆ ನನ್ನ ಮಾನ ಉಳಿಯಲ್ಲ" ಎಂದಳು ತಾಯಿ.

ಬೊಂತೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಬಿಸ್ಮಿಲ್ಲಾ ಬೀ ವಾಪಸ್ಸು ನಡೆದಳು. ದಾರಿಯುದ್ದಕ್ಕೂ ಬೈದದ್ದು ತನ್ನ ಬಾಯಿಯನ್ನೇ. ಕೈ ಮಾಡಿದ ಕೆಲಸವನ್ನು ಬಾಯಿ ಕೆಡಿಸಿತಲ್ಲ! ಹಾಗೆಂದು ತಪ್ಪು ಹೇಳಿದೆನೇ? ಒಳ್ಳೆಯದನ್ನೇ ಹೇಳಿದೆ. ಒಳ್ಳೆಯದು ಅಲ್ಲಿಗೆ ಹೋಗುವಷ್ಟರಲ್ಲಿ ಕೆಟ್ಟದ್ದಾದರೆ ನಾನೇನು ಮಾಡಲಿ? ಮನೆಗೆ ಬಂದು ಬೊಂತೆಯನ್ನು ಮಂಚದ ಮೇಲೆ ಎಸೆದು ಒಲೆಯ ಮುಂದೆ ಕೂತಳು.

ಅಕ್ಕಿ ತೊಳೆದಿಟ್ಟು ತಿರುಗಿ ನೋಡಿದರೆ ಮೆಹಬೂಬ್ ಪಾಷಾ ಅದೇ ಬೊಂತೆಯ ಮೇಲೆ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ.

"ಏಳ್ರೀ! ಏಳ್ರೀ ಮೇಲೆ! ಜಲ್ಲಿಕಲ್ಲಿನ ಮೇಲೆ ಮಲಗಿದ್ರೂ ನಿಮಗೆ ನಿದ್ದೆ ಬರುತ್ತೆ. ನಿಮಗ್ಯಾಕ್ರೀ ನೂಲಿನ ಬೊಂತೆ?"

"ಚೆನ್ನಾಗಿದೆ" ಎಂದು ಮಗ್ಗುಲು ಬದಲಿಸಿದ ಅವನು.

"ಚೆನ್ನಾಗಿರೋದೇ ನನ್ನ ಕರ್ಮ!"

ನಾಮಕರಣ ಹತ್ತಿರವಾಗುವಾಗ ಅನಸೂಯಮ್ಮ ತಾನೇ ಜಗಲಿಗೆ ಬಂದಳು. ಹೆಸರಿಟ್ಟು ತೊಟ್ಟಿಲಿಗೆ ಹಾಕುವ ದಿನದಿಂದ ಕೂಸಿಗೆ ಹೊಸ ಬಟ್ಟೆ ಆಗುತ್ತದೆ. ಅಲ್ಲಿಯವರೆಗೆಂದು ಮನೆಯ ಹಳೇ ಉಣ್ಣೆಯ ರಗ್ಗು ಹಾಸಿದರೆ ಮಗು ರಾತ್ರಿಯೆಲ್ಲ ಅಳುತ್ತದಂತೆ. ವರಲಕ್ಷ್ಮಿ ತಾಯಿಯ ಜೊತೆ ಮಾತು ಬಿಟ್ಟಿದ್ದಾಳಂತೆ. ಇಷ್ಟು ಹೇಳಿ ಅನಸೂಯಮ್ಮ ಚೀಲದಿಂದ ಒಂದು ಬಟ್ಟೆ ತೆಗೆದಳು. ಗುಲಾಬಿ ಬಣ್ಣ, ಅದರ ತುಂಬ ತಟ್ಟೆಯಗಲ ಹೂವು, ಗಂಜಿ ಬಿಗಿದುಕೊಂಡು ಹಲಗೆಯಂತೆ ನಿಲ್ಲುವ ಹೊಸ ಮಿಲ್ ಬಟ್ಟೆ.

"ಇದು ನೂಲಿಂದೇ. ಮೇಲೊಂದು ಪದರ, ಕೆಳಗೊಂದು ಪದರ ಇದನ್ನ ಹಾಕಿ ಹೊಲಿದುಕೊಡಿ. ಒಳಗೆ ಏನಿರ್ತದೆ ಅಂತ ನಾನು ಕೇಳಲ್ಲ. ನೀವು ಹೇಳ್ಬೇಡಿ."

ಬಿಸ್ಮಿಲ್ಲಾ ಬೀಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ಅದೇ ಬೊಂತೇನಾ?"

"ಅದೇ ಅಂತ ನಾನೆಲ್ಲಿ ಅಂದೆ? ಮನೆಗೆ ಬಂದ್ಮೇಲೆ ಅರಿಶಿನದ ನೀರು ಚಿಮುಕಿಸ್ಕೋತೀನಿ."

"ನನ್ನ ಹೊಲಿಗೆಯೆಲ್ಲಾ ಒಳಗೆ ಹೋಗ್ತದಲ್ಲಮ್ಮಾ! ಆ ನೀಲಿ, ಆ ಚುಕ್ಕಿ... ಮುಚ್ಚಿಹಾಕೋದಂದ್ರೆ ಇದು ಹೆಣಕ್ಕೆ ಕಫನ್ ಹೊದ್ದಿಸಿದಂಗೆ."

"ಥೂ, ಬಿಡ್ತು ಅನ್ನಿ! ಬಿಡ್ತು ಅನ್ನಿ ಮೊದ್ಲು!"

"ಬಿಡ್ತು" ಎಂದಳು ಬಿಸ್ಮಿಲ್ಲಾ ಬೀ. ಹೂವಿನ ಬಟ್ಟೆಯನ್ನು ಹಿಂದಕ್ಕೆ ತಳ್ಳಬೇಕೆಂದು ಕೈ ಚಾಚಿದವಳು ಹಾಗೇ ಹಿಡಿದುಕೊಂಡಳು. ತಳ್ಳಿದರೆ ಬೊಂತೆ ಮೆಹಬೂಬ್ ಪಾಷಾನ ಗೊರಕೆಗೆ ಮೀಸಲು. ಹೊಲಿದರೆ ಮಗು ಮಲಗುತ್ತದೆ, ಆದರೆ ಹೊಲಿದದ್ದು ಏನೆಂದು ಜಗತ್ತಿಗೆ ಕಾಣುವುದಿಲ್ಲ. ಎರಡರಲ್ಲಿ ಒಂದೂ ನೆಟ್ಟಗಿಲ್ಲ. "ನಾಳಿದ್ದು ಬನ್ನಿ" ಎಂದಳು, ಮುಖ ತಿರುಗಿಸಿಕೊಂಡು.

ಹೂವಿನ ಬಟ್ಟೆಯನ್ನು ಸೋಡಾ ಹಾಕಿ ಕುದಿಸಿ, ಬಂಡೆಗೆ ಬಡಿದು, ಮತ್ತೆ ಕುದಿಸಿದಳು. ಗಂಜಿ ಹೋಯಿತು, ಬಿಗುವು ಹೋಗಲಿಲ್ಲ. ಅಷ್ಟು ಪದರದ ಮೇಲೆ ಹೊಸ ಬಟ್ಟೆ ಬಿದ್ದದ್ದರಿಂದ ಸೂಜಿ ಅರ್ಧಕ್ಕೇ ನಿಲ್ಲುತ್ತಿತ್ತು. ಹಿತ್ತಾಳೆಯ ಬೆರಳುಟೋಪಿ ತೂತುಬಿತ್ತು. ಸೂಜಿಯ ಹಿಂಭಾಗ ಬೆರಳಿಗೇ ನಾಟಿತು. ಬೈಗುಳ ಮತ್ತೆ ಬೀದಿಗೆ ಕೇಳಿಸಿತು. ಬೀಬಮ್ಮ ಹುಷಾರಾದಳು ಎಂದುಕೊಂಡರು ಜನ. ಅಕ್ಕಿಕಾಳಿನ ಹೊಲಿಗೆಗಳ ಮೇಲೆ ರಾಗಿಮುದ್ದೆಯಂಥ ಹೊಲಿಗೆಗಳು ಬಿದ್ದವು. ಕೊನೆಯ ಅಂಚು ಮುಚ್ಚುವ ಮುಂಚೆ ಬೆರಳು ಒಳಗೆ ತೂರಿಸಿ ಚುಕ್ಕಿಯ ಬಿಳಿಯನ್ನು ಒಂದು ಸಲ ಮುಟ್ಟಿ ನೋಡಿ, ದಾರ ಕಡಿದಳು.

ನಾಮಕರಣದ ದಿನ ಅವಳನ್ನೂ ಕರೆದಿದ್ದರು. ಪಡಸಾಲೆಯ ನಡುವೆ ತೊಟ್ಟಿಲು, ತೊಟ್ಟಿಲೊಳಗೆ ಗುಲಾಬಿ ಬೊಂತೆ, ಬೊಂತೆಯ ಮೇಲೆ ಮುಷ್ಟಿ ಬಿಗಿದು ಮಲಗಿದ ಕೂಸು. ಅಷ್ಟು ಗಲಾಟೆಯಲ್ಲೂ ಅದಕ್ಕೆ ಎಚ್ಚರವಿಲ್ಲ. ಬಿಸ್ಮಿಲ್ಲಾ ಬೀ ಗೋಡೆಗೊರಗಿ ಕೂತು ಮಂಜುಮಂಜಾಗಿ ಕಾಣುವಷ್ಟನ್ನು ನೋಡುತ್ತಿದ್ದಳು. ವರಲಕ್ಷ್ಮಿಯ ಅತ್ತೆ ಅಮ್ಮಾಜಮ್ಮ ಗೌರಿಬಿದನೂರಿನಿಂದ ಬಂದಿದ್ದಳು. ತೊಟ್ಟಿಲಿಗೆ ಬಗ್ಗಿ, ಬೊಂತೆಯ ಮೂಲೆಯನ್ನು ಹಿಡಿದು ಉಜ್ಜಿದಳು.

"ಎಷ್ಟು ಚೆಂದ ಹೂವು! ಯಾವ ಅಂಗಡೀದು? ರೆಡಿಮೇಡಾ?"

"ಇಲ್ಲ, ಹೊಲಿಸಿದ್ದು" ಎಂದಳು ಅನಸೂಯಮ್ಮ. "ಇಲ್ಲಿ ಕೂತಿದಾರಲ್ಲ, ನಮ್ಮ ಬೀಬಮ್ಮ, ಇವರೇ ಹೊಲಿದಿದ್ದು."

"ಓಹೋ, ನೀವೇನಾ? ಹೂವಿನ ಬಟ್ಟೆ ಭಾಳ ಚೆನ್ನಾಗಿ ಆರಿಸಿದೀರಾ. ಹೊಲಿಗೆ ಸ್ವಲ್ಪ ದಪ್ಪ ಆಯ್ತೇನೋ."

ಬಿಸ್ಮಿಲ್ಲಾ ಬೀಯ ಕಿವಿ ಕೆಂಪಗಾಯಿತು.

"ಆದ್ರೆ ಮೆತ್ತಗಿದೆ ಕಣ್ರೀ, ಭಾಳ ಮೆತ್ತಗಿದೆ. ಒಳಗೇನು ತುಂಬಿದೀರಾ?"

ಬಿಸ್ಮಿಲ್ಲಾ ಬೀಯ ಬಾಯಿ ತೆರೆಯಿತು. ತೆರೆದದ್ದನ್ನು ಅನಸೂಯಮ್ಮ ನೋಡಿದಳು. ತಾಂಬೂಲದ ತಟ್ಟೆ ಹಿಡಿದು ಓಡಿಬಂದು, "ಬೀಬಮ್ಮಾ, ಎಲೆಅಡಿಕೆ ತಗೊಳ್ಳಿ, ತಗೊಳ್ಳಿ ಅಂದೆ" ಎಂದು ಸುಣ್ಣ ಮೆತ್ತಿದ ಎಲೆಯನ್ನು ಅವಳ ಕೈಗೆ ತುರುಕಿದಳು. ತೊಟ್ಟಿಲ ಕೂಸು ಕತ್ತು ಹೊರಳಿಸಿ ಕೆನ್ನೆಯನ್ನು ಬೊಂತೆಗೆ ಒತ್ತಿಕೊಂಡಿತು.

ಬಿಸ್ಮಿಲ್ಲಾ ಬೀ ಎಲೆಯನ್ನು ಬಾಯಿಗೆ ತುಂಬಿಕೊಂಡಳು. ಗಾಬರಿಯಲ್ಲಿ ಹಚ್ಚಿದ್ದಕ್ಕೋ ಏನೋ ಸುಣ್ಣ ಜಾಸ್ತಿಯಾಗಿತ್ತು. ನಾಲಗೆ ಚುರುಚುರು ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಹೊರಗೆ ಹೋಗಿ ಉಗುಳಿ ಬಂದರೆ ಬಾಯಿ ಖಾಲಿಯಾಗುತ್ತದೆ, ಖಾಲಿಯಾದರೆ ಮಾತು ಬರುತ್ತದೆ. ಅಮ್ಮಾಜಮ್ಮ ಇನ್ನೂ ಮುಖ ನೋಡುತ್ತ ನಿಂತಿದ್ದಳು. ಬಿಸ್ಮಿಲ್ಲಾ ಬೀ ಎರಡೂ ಕೆನ್ನೆ ಉಬ್ಬಿಸಿಕೊಂಡು, ಏನೂ ಇಲ್ಲವೆಂಬಂತೆ ಕೈಯಾಡಿಸಿ, ಅಗಿಯುತ್ತ ಕೂತಳು.